ಕೆಮ್ಮಿಸುವ ಯಂತ್ರವೂ ಅದರ ಪರೀಕ್ಷೆಯೂ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆಯೊಳಗೆ ಒಬ್ಬರು ನಾಲ್ಕು ದಿನ ಬಿಡದೆ ಕೆಮ್ಮಿದರೆಂದರೆ ಒಬ್ಬರು ಶುಂಠಿಯ ಕಷಾಯವನ್ನು ಹೇಳುತ್ತಾರೆ, ಇನ್ನೊಬ್ಬರು ಆಡುಸೋಗೆಯ ಸೊಪ್ಪನ್ನು ತರಿಸುತ್ತಾರೆ, ಮತ್ತೊಬ್ಬರು ಸಿದ್ಧರಬೆಟ್ಟದ ಗಿಡಮೂಲಿಕೆಗಳನ್ನು ನೆನೆಯುತ್ತಾರೆ. ಹೇಗಾದರೂ ಕೆಮ್ಮು ನಿಲ್ಲಬೇಕೆಂಬುದೇ ಎಲ್ಲರ ಬಯಕೆ. ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಕೆಮ್ಮು ಬಾರದೆ ಸಂಕಟಪಡುವವರ ವಿಷಯವಾಗಿ. ಕಫವು ಎದೆಯಲ್ಲಿ ತುಂಬಿದೆ, ಅದು ಮೇಲಕ್ಕೆ ಬರಬೇಕೆಂದು ಜೀವವು ಹವಣಿಸುತ್ತಿದೆ, ಆದರೆ ಅದನ್ನು ಹೊರಕ್ಕೆ ಎಸೆಯುವ ಶಕ್ತಿ ಮೈಯಲ್ಲಿಲ್ಲ. "ಎದೆ ಗೊರಗೊರ ಅನ್ನುತ್ತೆ, ಕೆಮ್ಮೋಕೆ ತ್ರಾಣ ಇಲ್ಲ" ಎಂದು ಮನೆಯವರು ಹೇಳುವ ಆ ಒಂದು ಮಾತಿನಲ್ಲಿ ರೋಗದ ಲಕ್ಷಣವೂ ಕಾರಣವೂ ಎರಡೂ ಅಡಗಿವೆ.

ಇಂಥವರು ಯಾರು? ಹುಣಿಸೆಯ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾದವರು. ಮಾಂಸಖಂಡಗಳು ವರ್ಷದಿಂದ ವರ್ಷಕ್ಕೆ ಕ್ಷಯಿಸುವ ಆನುವಂಶಿಕ ವ್ಯಾಧಿಯುಳ್ಳ ಬಾಲಕರು. ನರಗಳು ತಟಕ್ಕನೆ ಸೋತು ಕೈಕಾಲು ಬಿದ್ದುಹೋಗುವ ಗಿಯಾನ್-ಬಾರೆ ಎಂಬ ರೋಗಕ್ಕೆ ಸಿಕ್ಕಿದವರು. ಇವರೊಡನೆ ನಮ್ಮ ಬಯಲುಸೀಮೆಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ವರ್ಗವೂ ಉಂಟು. ರಾತ್ರಿ ನೆಲದ ಮೇಲೆ ಮಲಗಿದವನನ್ನು ಕಟ್ಟುಹಾವು ಕಚ್ಚಿದರೆ ಎಷ್ಟೋ ವೇಳೆ ನೋವು ತಿಳಿಯುವುದಿಲ್ಲ, ಗಾಯ ಕಾಣುವುದಿಲ್ಲ. ಬೆಳಗಾಗುವ ಹೊತ್ತಿಗೆ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಕ್ರಮೇಣ ಉಸಿರಾಡುವ ಸ್ನಾಯುಗಳೂ ಸೋಲುತ್ತವೆ. ವೆಂಟಿಲೇಟರಿನ ಆಸರೆಯಲ್ಲಿ ಕೆಲವು ದಿನಗಳನ್ನು ಕಳೆದರೆ ಇಂಥವನು ಮೊದಲಿನಂತೆಯೇ ಎದ್ದು ಹೊಲಕ್ಕೆ ಹೋಗಬಲ್ಲನು. ಆದರೆ ಆ ದಿನಗಳಲ್ಲಿ ಅವನ ಶ್ವಾಸಮಾರ್ಗವನ್ನು ಕಫದಿಂದ ಮುಕ್ತವಾಗಿಡುವವರು ಬೇಕು. ನಮ್ಮ ರಾಜ್ಯ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಘೋಷಿಸಿದುದು ಯೋಗ್ಯವಾದ ಕಾರ್ಯ.

ಕೆಮ್ಮೆಂಬುದು ಎಂಥ ಬಲದ ಕ್ರಿಯೆಯೆಂಬುದನ್ನು ಆರೋಗ್ಯವಂತರಾದ ನಾವು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ. ನಮ್ಮ ಶ್ವಾಸನಾಳಗಳ ಒಳಮೈಯಲ್ಲಿ ಅತಿ ಸೂಕ್ಷ್ಮವಾದ ಲೋಮಗಳು ಸೆಕೆಂಡಿಗೆ ಹತ್ತರಿಂದ ಇಪ್ಪತ್ತು ಸಲ ಬೀಸುತ್ತ, ಧೂಳನ್ನು ಹಿಡಿದಿಟ್ಟುಕೊಂಡ ಲೋಳೆಯ ಪದರವನ್ನು ನಿಮಿಷಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಗಂಟಲಿನ ಕಡೆಗೆ ಸಾಗಿಸುತ್ತಲೇ ಇರುತ್ತವೆ. ಲೋಳೆ ಹೆಚ್ಚಿ ಲೋಮಗಳ ಕೈಮೀರಿದಾಗ ಕೆಮ್ಮು ನೆರವಿಗೆ ಬರುತ್ತದೆ. ಮೊದಲು ಎರಡು ಎರಡೂವರೆ ಲೀಟರಿನಷ್ಟು ಗಾಳಿಯನ್ನು ನಾವು ಸರ್ರನೆ ಒಳಕ್ಕೆ ಎಳೆದುಕೊಳ್ಳುತ್ತೇವೆ. ಕಂಠದ ದ್ವಾರವು ಸೆಕೆಂಡಿನ ಐದರಲ್ಲೊಂದು ಭಾಗದಷ್ಟು ಕಾಲ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಹೊಟ್ಟೆಯ ಮತ್ತು ಪಕ್ಕೆಲುಬುಗಳ ಸ್ನಾಯುಗಳು ಆ ಮುಚ್ಚಿದ ಬಾಗಿಲಿನ ಹಿಂದೆ ಗಾಳಿಯನ್ನು ಅದುಮಿ, ಪಾದರಸದ 100 ಮಿಲಿಮೀಟರು ಅಥವಾ ಅದಕ್ಕೂ ಮಿಗಿಲಾದ ಒತ್ತಡವನ್ನು ಹುಟ್ಟಿಸುತ್ತವೆ. ಒಡನೆ ಬಾಗಿಲು ತೆರೆಯುತ್ತದೆ, ಗಾಳಿ ಸಿಡಿಯುತ್ತದೆ. ಹೊರಗಿನ ಒತ್ತಡದಿಂದ ಶ್ವಾಸನಾಳವೇ ಆ ಗಳಿಗೆಯಲ್ಲಿ ಕಿರಿದಾಗುವುದರಿಂದ ಗಾಳಿಯ ವೇಗವು ಇನ್ನೂ ಏರಿ ಗಂಟೆಗೆ ನೂರು ಕಿಲೋಮೀಟರನ್ನು ದಾಟುತ್ತದೆ. ಈ ಬಿರುಸಿಗೆ ಸಿಕ್ಕಿದ ಕಫವು ನಾಳದ ಗೋಡೆಯಿಂದ ಕಿತ್ತು ಬಾಯಿಗೆ ಬರುತ್ತದೆ.

ಆರೋಗ್ಯವಂತನಾದ ವಯಸ್ಕನ ಕೆಮ್ಮಿನಲ್ಲಿ ಗಾಳಿಯ ಉಚ್ಚತಮ ಪ್ರವಾಹವು ನಿಮಿಷಕ್ಕೆ 360 ಲೀಟರಿಗಿಂತ ಮೇಲಿರುತ್ತದೆ. ಅದು 270ಕ್ಕಿಂತ ಇಳಿದವನಿಗೆ ಸಾಮಾನ್ಯ ನೆಗಡಿಯೂ ನ್ಯುಮೋನಿಯಾ ಆಗಿ ತಿರುಗಬಹುದೆಂದೂ, 160ಕ್ಕಿಂತ ಇಳಿದವನ ಗಂಟಲಿನಿಂದ ಉಸಿರಿನ ಕೊಳವೆಯನ್ನು ತೆಗೆದರೆ ಅವನು ತನ್ನ ಕಫವನ್ನು ತಾನೇ ನಿಭಾಯಿಸುವುದು ಕಷ್ಟವೆಂದೂ ವೈದ್ಯರು ಅನುಭವದಿಂದ ಗೊತ್ತುಮಾಡಿಕೊಂಡಿದ್ದಾರೆ. 160ರ ಈ ಗಡಿಯನ್ನು 1996ರಲ್ಲಿ ಅಮೆರಿಕದ ಜಾನ್ ಬಾಕ್ ಮತ್ತು ಸಪೊರಿಟೊ ಅವರು ತೋರಿಸಿಕೊಟ್ಟರು. 270, 160 ಎಂಬ ಈ ಎರಡು ಅಂಕಿಗಳನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಅವುಗಳ ಮೇಲೆ ನಿಂತಿದೆ.

ಕಫವನ್ನು ತೆಳುವಾದ ನಳಿಕೆಯಿಂದ ಹೀರಿ ತೆಗೆಯುವ ಪದ್ಧತಿಯನ್ನು ಆಸ್ಪತ್ರೆಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ರೋಗಿಗೆ ಅದು ಬಹಳ ಯಾತನೆಯದು. ಅಲ್ಲದೆ ಬಲಗಡೆಯ ಶ್ವಾಸಶಾಖೆಯು ನೇರವಾಗಿಯೂ ಎಡಗಡೆಯದು ಓರೆಯಾಗಿಯೂ ಇರುವುದರಿಂದ, ಕುರುಡಾಗಿ ಇಳಿಯುವ ನಳಿಕೆಯು ಬಹುಪಾಲು ಬಲಕ್ಕೇ ಹೋಗುತ್ತದೆ. ಎಡದ ಕಫವು ಅಲ್ಲಿಯೇ ಉಳಿಯುತ್ತದೆ. ಎರಡು ಕಡೆಯ ಕಫವನ್ನೂ ಒಮ್ಮೆಗೇ, ಮೈಗೆ ಗಾಯವಾಗದಂತೆ, ಕೆಮ್ಮಿನ ರೀತಿಯಲ್ಲಿಯೇ ಹೊರತರುವ ಉಪಾಯವೇನೆಂಬ ಪ್ರಶ್ನೆಗೆ ಉತ್ತರ ದೊರೆತುದು ಪೋಲಿಯೊ ಮಹಾಮಾರಿಯ ಕಾಲದಲ್ಲಿ.

1928ರಲ್ಲಿ ಬಾಸ್ಟನ್ ನಗರದಲ್ಲಿ ಫಿಲಿಪ್ ಡ್ರಿಂಕರನು, ರೋಗಿಯನ್ನು ಕೊರಳಿನವರೆಗೆ ಒಳಗಿಟ್ಟು ಉಸಿರಾಡಿಸುವ ಕಬ್ಬಿಣದ ಪೆಟ್ಟಿಗೆಯೊಂದನ್ನು ಬಳಕೆಗೆ ತಂದನು. ಲೋಕವು ಅದನ್ನು ಕಬ್ಬಿಣದ ಶ್ವಾಸಕೋಶವೆಂದು ಕರೆಯಿತು. ಮೂರು ವರ್ಷಗಳಲ್ಲಿ ಜಾನ್ ಹೆವೆನ್ ಎಮರ್ಸನ್ ಎಂಬ ಯಂತ್ರಕುಶಲನು ಅದನ್ನು ಹಗುರವಾಗಿಯೂ ಅಗ್ಗವಾಗಿಯೂ ಮಾಡಿದನು. ಪೆಟ್ಟಿಗೆಯು ಉಸಿರಾಡಿಸಿತೇ ಹೊರತು ಕೆಮ್ಮಿಸಲಿಲ್ಲ; ಎಷ್ಟೋ ಮಕ್ಕಳು ಅದರೊಳಗೆ ಉಸಿರಾಡುತ್ತಲೇ ಕಫ ಕಟ್ಟಿ ತೀರಿಕೊಂಡರು. ನ್ಯೂಯಾರ್ಕಿನ ವೈದ್ಯ ಆಲ್ವನ್ ಬರಾಕನು ಈ ದುಃಖವನ್ನು ಕಣ್ಣಾರೆ ಕಂಡವನು. ಕಸ ಹೀರುವ ಯಂತ್ರದ ಮೋಟಾರುಗಳನ್ನೇ ತಂದು ಆತನು ಕಬ್ಬಿಣದ ಪೆಟ್ಟಿಗೆಗೆ ಜೋಡಿಸಿ, ಒಳಗೆ ಋಣ ಒತ್ತಡವನ್ನು ಉಂಟುಮಾಡಿ ರೋಗಿಯ ಎದೆಯನ್ನು ಹಿಗ್ಗಿಸಿ, ಆಮೇಲೆ ದೊಡ್ಡದೊಂದು ಕವಾಟವನ್ನು ಸೆಕೆಂಡಿನ ನೂರರಲ್ಲಿ ಆರು ಭಾಗದಷ್ಟು ಕಾಲದಲ್ಲಿ ತೆರೆದುಬಿಟ್ಟನು. ಒಳಗಿನ ಒತ್ತಡವು ಥಟ್ಟನೆ ಮರಳಿತು, ಎದೆಯೊಳಗಿನ ಗಾಳಿ ನುಗ್ಗಿ ಹೊರಬಂದಿತು. ಪೆಟ್ಟಿಗೆಯ ಹಂಗಿಲ್ಲದೆ ಮುಖಕ್ಕೆ ಮಾಸ್ಕನ್ನಿಟ್ಟು ಇದೇ ಕೆಲಸವನ್ನು ಮಾಡುವ ಕಾಫ್-ಫ್ಲೇಟರ್ ಎಂಬ ಯಂತ್ರವು 1953ರಲ್ಲಿ ಮಾರುಕಟ್ಟೆಗೆ ಬಂದಿತು. ಮುಂದೆ ಗಂಟಲಿಗೆ ರಂಧ್ರ ಮಾಡಿ ನಳಿಕೆಯಿಂದ ಹೀರುವ ಪದ್ಧತಿ ಎಲ್ಲೆಡೆ ಹಬ್ಬಿದ್ದರಿಂದ ಯಂತ್ರವು ಮೂಲೆ ಸೇರಿತು. ಕಬ್ಬಿಣದ ಶ್ವಾಸಕೋಶವನ್ನು ತಿದ್ದಿದ ಆ ಎಮರ್ಸನನ ಕಂಪೆನಿಯೇ 1993ರಲ್ಲಿ ಅದನ್ನು ಹೊಸ ರೂಪದಲ್ಲಿ ಪುನಃ ಹೊರತಂದಿತು. ಇಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ "ಕಾಫ್ ಅಸಿಸ್ಟ್" ಎಂದು ಹೇಳುವ ಯಂತ್ರದ ವಂಶಾವಳಿ ಇದು.

ಅದರ ಕೆಲಸ ಹೀಗಿದೆ. ಮಾಸ್ಕನ್ನು ಮೂಗುಬಾಯಿಗಳಿಗೆ ಬಿಗಿಯಾಗಿ ಹಿಡಿದು ಯಂತ್ರವನ್ನು ನಡೆಯಿಸಿದರೆ, ಎರಡು ಮೂರು ಸೆಕೆಂಡುಗಳ ಕಾಲ ಅದು 40 ಸೆಂಟಿಮೀಟರು ಜಲಸ್ತಂಭದಷ್ಟು ಒತ್ತಡದಿಂದ ಗಾಳಿಯನ್ನು ಎದೆಯೊಳಕ್ಕೆ ತುಂಬುತ್ತದೆ. ಕೂಡಲೆ ದಿಕ್ಕು ಬದಲಾಗಿ ಅಷ್ಟೇ ಋಣ ಒತ್ತಡದಿಂದ ಎರಡು ಮೂರು ಸೆಕೆಂಡು ಹೊರಕ್ಕೆ ಎಳೆಯುತ್ತದೆ. ಧನ ನಲವತ್ತರಿಂದ ಋಣ ನಲವತ್ತಕ್ಕೆ ಹೊರಳುವ ಆ ಕ್ಷಣವೇ ಯಂತ್ರದ ಕೆಮ್ಮು. ನಾಲ್ಕೈದು ಬಾರಿ ಹೀಗೆ ಮಾಡಿ, ಬಾಯಿಗೆ ಬಂದ ಕಫವನ್ನು ಒರೆಸಿ, ರೋಗಿಗೆ ವಿಶ್ರಾಂತಿ ಕೊಟ್ಟು ಮತ್ತೆ ಮುಂದುವರಿಸುತ್ತಾರೆ.

ಇನ್ನು ನನ್ನ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಯಂತ್ರದ ಮುಖದ ಮೇಲೆ 40 ಎಂಬ ಅಂಕಿ ಕಾಣುತ್ತದೆ. ಅದು ಯಂತ್ರವು ಕೊಡುವ ಒತ್ತಡ. ರೋಗಿಗೆ ಬೇಕಾದುದು ಒತ್ತಡವಲ್ಲ, ಪ್ರವಾಹ. ಅಂದರೆ ನಾನು ಆಗಲೆ ಹೇಳಿದ ಆ 160, ಆ 270. ಕೊಟ್ಟ ಒತ್ತಡಕ್ಕೆ ದೊರೆಯುವ ಪ್ರವಾಹವೆಷ್ಟೆಂಬುದು ಯಂತ್ರ, ಅದರ ಕೊಳವೆ, ಮಾಸ್ಕು, ರೋಗಿಯ ಶ್ವಾಸನಾಳಗಳ ರೋಧ, ಎದೆಯ ಬಿಗುವು ಇವೆಲ್ಲವೂ ಕೂಡಿ ನಿರ್ಣಯಿಸತಕ್ಕ ಸಂಗತಿ. ಜೀವಂತ ಮನುಷ್ಯನ ಎದೆಯಲ್ಲಿ ಇದನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವುದು ಸಾಧ್ಯವಲ್ಲ. ಅಳೆಯುವುದಕ್ಕಾಗಿ ನಿತ್ರಾಣನಾದ ಬಾಲಕನನ್ನು ನೂರು ಬಗೆಯ ಒತ್ತಡಕ್ಕೆ ಒಡ್ಡುವುದು ಧರ್ಮವೂ ಅಲ್ಲ. ಆದುದರಿಂದಲೇ ಪ್ರಯೋಗಶಾಲೆಯ ಮೇಜಿನ ಮೇಲೆ ಕೃತಕವಾದ ಎದೆಯೊಂದನ್ನು ಕಟ್ಟಿ, ಯಂತ್ರವನ್ನು ಅದರ ಮೇಲೆ ಪ್ರಯೋಗಿಸುತ್ತಾರೆ.

ಆ ಕೃತಕ ಶ್ವಾಸಕೋಶವನ್ನು ನೋಡಿದರೆ ಅದರಲ್ಲಿ ಬೆರಗುಗೊಳಿಸುವಂಥದೇನೂ ಇಲ್ಲ. ಕಮ್ಮಾರನ ತಿದಿಯಂತೆ ಮಡಿಕೆಮಡಿಕೆಯಾದ ಒಂದು ಚೀಲ. ಅದರ ಮೇಲುಹಲಗೆಯನ್ನು ಕೆಳಕ್ಕೆ ಎಳೆದು ಹಿಡಿದಿರುವ ಒಂದು ಉಕ್ಕಿನ ಸುರುಳಿ. ಚೀಲದ ಬಾಯಿಗೆ ಗಾಳಿಯ ದಾರಿಯನ್ನು ಇರುಕಿಸುವ ಒಂದು ಬಿಲ್ಲೆ. ಸುರುಳಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದರೆ ಎದೆಯು ಮೃದುವೂ ಆಗುತ್ತದೆ, ಬಿರುಸೂ ಆಗುತ್ತದೆ. ಬಿಲ್ಲೆಯನ್ನು ಬದಲಾಯಿಸಿದರೆ ಆರೋಗ್ಯವಂತನ ನಾಳವು ಕಫ ತುಂಬಿದವನ ನಾಳವಾಗುತ್ತದೆ. ಬಾಯಿಯ ಬಳಿ ಪ್ರವಾಹಮಾಪಕವನ್ನೂ ಚೀಲದೊಳಗೆ ಒತ್ತಡಮಾಪಕವನ್ನೂ ಇಟ್ಟು, ಸೆಕೆಂಡಿಗೆ ನೂರಾರು ಸಲ ಅಳತೆಗಳನ್ನು ಗಣಕಯಂತ್ರವು ಬರೆದುಕೊಳ್ಳುವಂತೆ ಏರ್ಪಡಿಸುತ್ತಾರೆ. ಸುರುಳಿ ಬಿಲ್ಲೆಗಳ ಬದಲು ಉರುಳೆಯೊಳಗೆ ಗಣಕವು ಚಲಾಯಿಸುವ ಕೊಂತವನ್ನು (ಪಿಸ್ಟನ್ನನ್ನು) ಇಟ್ಟ ಬೆಲೆಬಾಳುವ ಕೃತಕ ಶ್ವಾಸಕೋಶಗಳೂ ಈಗ ಉಂಟು. ಚಿಕ್ಕ ಮಗುವಿನ ಎದೆಯನ್ನಾಗಲಿ, ಇಪ್ಪತ್ತು ವರ್ಷ ಗಾಲಿಕುರ್ಚಿಯಲ್ಲಿ ಕುಳಿತು ಪಕ್ಕೆಲುಬುಗಳು ಸೆಟೆದವನ ಎದೆಯನ್ನಾಗಲಿ ಅವು ನಟಿಸಬಲ್ಲವು.

ಈ ಮೇಜು ನಮಗೆ ಏನು ಕಲಿಸುತ್ತದೆಂಬುದನ್ನು ಒಂದು ಸರಳ ಗಣಿತದಿಂದ ತಿಳಿಸುತ್ತೇನೆ. ಆರೋಗ್ಯವಂತನ ಎದೆಯು ಒಂದು ಸೆಂಟಿಮೀಟರು ಒತ್ತಡಕ್ಕೆ ಸುಮಾರು 100 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹಾಗೆ ಲೆಕ್ಕ ಹಾಕಿದರೆ 40ಕ್ಕೆ ನಾಲ್ಕು ಲೀಟರು. ಸೆಟೆದ ಎದೆಯು ಬರಿಯ 30 ಮಿಲಿಲೀಟರಿನಷ್ಟೇ ಹಿಗ್ಗಿದರೆ ಅದೇ 40ಕ್ಕೆ ದೊರೆಯುವುದು ಒಂದು ಲೀಟರೂ ಇನ್ನೂರು ಮಿಲಿಲೀಟರೂ ಮಾತ್ರ. ಒಳಕ್ಕೆ ಹೋದ ಗಾಳಿಯೇ ಅಷ್ಟಾದಮೇಲೆ ಹೊರಕ್ಕೆ ಬರುವ ಕೆಮ್ಮಿಗೆ ಬಲವೆಲ್ಲಿಯದು? ರೋಧದ ವಿಷಯವೂ ಹೀಗೆಯೇ. ನಿಮಿಷಕ್ಕೆ 270 ಲೀಟರೆಂದರೆ ಸೆಕೆಂಡಿಗೆ ನಾಲ್ಕೂವರೆ ಲೀಟರು. ಸೆಕೆಂಡಿಗೆ ಒಂದು ಲೀಟರು ಹರಿಯಲು 20 ಸೆಂಟಿಮೀಟರು ಒತ್ತಡವನ್ನು ಬೇಡುವಷ್ಟು ನಾಳವು ಇರುಕಾಗಿದ್ದರೆ, ನಾಲ್ಕೂವರೆ ಲೀಟರಿಗೆ 90 ಸೆಂಟಿಮೀಟರು ಬೇಕಾಯಿತು. ಧನ ನಲವತ್ತರಿಂದ ಋಣ ನಲವತ್ತರವರೆಗಿನ ಒಟ್ಟು ಹೊರಳಿಕೆ 80 ತಾನೆ? ಯಂತ್ರದ ಸ್ವಂತ ಕೊಳವೆಯಲ್ಲಿ ಸೋರಿಹೋಗುವ ಪಾಲನ್ನು ಬಿಟ್ಟು ಹೇಳಿದರೂ 270 ಕೈಗೆಟುಕುವುದಿಲ್ಲ. ಯಂತ್ರದ ಮುಖದಲ್ಲಿ ಮಾತ್ರ 40 ಎಂಬ ಅಂಕಿ ಎಂದಿನಂತೆ ಬೆಳಗುತ್ತಲೇ ಇರುತ್ತದೆ.

ಗೋಮೆಜ್-ಮೆರಿನೊ ಎಂಬಾಕೆಯೂ ಆಕೆಯ ಸಂಗಡಿಗರೂ 2002ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಮಾತನ್ನು ಅಳತೆಗಳಿಂದ ದೃಢಪಡಿಸಿತು: ಕೆಮ್ಮಿನ ಪ್ರವಾಹವು ಮುಖ್ಯವಾಗಿ ಒತ್ತಡವನ್ನು ಅನುಸರಿಸುತ್ತದೆ, ಎದೆ ಬಿಗಿದಂತೆಯೂ ನಾಳ ಇರುಕಾದಂತೆಯೂ ತಯಾರಕರು ಸೂಚಿಸಿದ ಒತ್ತಡವು ಸಾಲದೆ ಹೋಗಬಹುದು. ಫ್ರಾನ್ಸಿನ ಲಿಯಾನ್ ನಗರದ ಕ್ಲಾಡ್ ಗೆರಾಂ ಎಂಬ ವೈದ್ಯನೂ ಆತನ ತಂಡದವರೂ 2011ರಲ್ಲಿ ಗಂಟಲೊಳಗಿನ ಉಸಿರಿನ ಕೊಳವೆಗಳನ್ನು ಒಂದೊಂದಾಗಿ ಯಂತ್ರಕ್ಕೆ ಜೋಡಿಸಿ ನೋಡಿದರು. ಕೊಳವೆಯು ಸಣ್ಣದಾದಷ್ಟೂ ಪ್ರವಾಹವು ಇಳಿಯಿತು. ಹಾವು ಕಚ್ಚಿ ವೆಂಟಿಲೇಟರಿನಲ್ಲಿರುವವನಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಮಾಸ್ಕಿನಿಂದ ಸಾಕಾಗುತ್ತಿದ್ದ ಒತ್ತಡವು ಕೊಳವೆಯಿಂದ ಸಾಕಾಗದು.

ಗಾಳಿಯನ್ನು ಅಳೆದರೆ ಮುಗಿಯಿತೆ? ಕಫವು ಕದಲಿತೆ ಇಲ್ಲವೆ ಎಂಬುದೇ ಕೊನೆಯ ಪ್ರಶ್ನೆ. ಅದಕ್ಕಾಗಿ ಪ್ರಯೋಗಶಾಲೆಯವರು ಕಫವನ್ನೂ ಕೃತಕವಾಗಿಯೇ ತಯಾರಿಸುತ್ತಾರೆ. ಭೂಮಧ್ಯಸಮುದ್ರದ ತೀರದಲ್ಲಿ ಬೆಳೆಯುವ ಕ್ಯಾರೊಬ್ ಎಂಬ ಮರದ ಬೀಜದಿಂದ ತೆಗೆದ ಅಂಟನ್ನು ನೀರಿನಲ್ಲಿ ಕದಡಿ, ಅದಕ್ಕೆ ಸ್ವಲ್ಪ ಬೊರಾಕ್ಸನ್ನು, ಎಂದರೆ ನಮ್ಮ ಅಕ್ಕಸಾಲಿಗರ ಬಿಳಿಗಾರವನ್ನು, ಬೆರೆಸಿದರೆ ನೂಲುನೂಲಾಗಿ ಎಳೆಯುವ ಲೋಳೆಯಾಗುತ್ತದೆ. ಬಿಳಿಗಾರ ಹೆಚ್ಚಿದರೆ ಗಟ್ಟಿ, ಕಡಿಮೆಯಾದರೆ ತೆಳುವು. ಇದಕ್ಕೆ ಬಣ್ಣ ಕಲಸಿ ಪಾರದರ್ಶಕವಾದ ನಳಿಕೆಯೊಳಗೆ ಸವರಿ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಯಂತ್ರವನ್ನು ನಡೆಸಿದರೆ, ಲೋಳೆ ಎಷ್ಟು ಮಿಲಿಮೀಟರು ಯಾವ ಕಡೆಗೆ ಸರಿಯಿತೆಂಬುದು ಕಣ್ಣಿಗೇ ಕಾಣುತ್ತದೆ. ಇಂಥ ಲೋಳೆಯನ್ನು ಕೃತಕ ಕೆಮ್ಮಿಗೆ ಒಡ್ಡಿ ಕೆನಡಾದ ಮಾಲ್ಕಮ್ ಕಿಂಗನೂ ಆತನ ಸಹೋದ್ಯೋಗಿಗಳೂ 1985ರಲ್ಲಿಯೇ ಪ್ರಯೋಗ ನಡೆಸಿದ್ದರು.

ಇಲ್ಲಿ ನಮ್ಮ ಸೀಮೆಯ ಮಾತೊಂದನ್ನು ಸೇರಿಸಬೇಕೆನಿಸುತ್ತದೆ. ಕ್ಯಾರೊಬ್ ನಮಗೆ ಅಪರಿಚಿತವಾದ ಮರ. ಆದರೆ ಅದು ಹುಣಿಸೆಗೆ ದೂರದ ಬಂಧು, ಎರಡೂ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದವು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಹುಣಿಸೆಯ ಮರಗಳ ಮೇಲೆಯೇ. ನಮ್ಮ ಹೊಲಗಳ ಬದುಗಳಲ್ಲಿ, ರಸ್ತೆಯ ಇಕ್ಕೆಲಗಳಲ್ಲಿ ನಿಂತಿರುವವೂ ಅವೇ. ಹುಣಿಸೆಬೀಜದ ಹಿಟ್ಟು ನೂಲಿಗೆ ಗಂಜಿ ಹಾಕುವುದಕ್ಕಾಗಿ ಗಿರಣಿಗಳಿಗೆ ಹೋಗುತ್ತದೆಂಬುದು ವ್ಯಾಪಾರಿಗಳಿಗೆ ಗೊತ್ತು. ಅದರಲ್ಲಿರುವ ಅಂಟು ನಮ್ಮ ದೇಹದ ಲೋಳೆಯನ್ನು ಗುಣದಲ್ಲಿ ಹೋಲುವುದರಿಂದ, ಒಣಗಿದ ಕಣ್ಣಿಗೆ ಬಿಡುವ ಹನಿಗಳಲ್ಲಿ ಅದನ್ನು ಬಳಸುತ್ತಾರೆ. ಕೃತಕ ಕಫಕ್ಕೆ ಅದು ಒದಗೀತೆ ಎಂಬುದು ನಮ್ಮ ಕಾಲೇಜುಗಳ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಒಂದು ವರ್ಷ ಶ್ರದ್ಧೆಯಿಂದ ಪರೀಕ್ಷಿಸಿ ನೋಡತಕ್ಕ ವಿಷಯ.

ಲೋಳೆಯ ಪ್ರಯೋಗವು ಹೇಳಿಕೊಟ್ಟ ಒಂದು ಪಾಠವಂತೂ ಬರಿಯ ತರ್ಕದಿಂದ ಯಾರಿಗೂ ಹೊಳೆಯುವಂತಿರಲಿಲ್ಲ. ಯಂತ್ರವು ಗಾಳಿಯನ್ನು ಹೊರಕ್ಕೆ ಎಳೆಯುವಾಗ ಕಫ ಹೊರಕ್ಕೆ ಬರುವುದು ಸಹಜ. ಆದರೆ ಅದಕ್ಕೂ ಮುನ್ನ ಗಾಳಿಯನ್ನು ಒಳಕ್ಕೆ ನುಗ್ಗಿಸುವಾಗ ಅದೇ ಕಫವು ಒಳಕ್ಕೂ ಹೋಗಬಹುದಷ್ಟೆ? ಬ್ರೆಜಿಲಿನ ಮಾರ್ಸಿಯಾ ವೋಲ್ಪೆ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಫದ ಚಲನೆಯನ್ನು ನಿರ್ಧರಿಸುವುದು ಹೊರಗಣ ಪ್ರವಾಹವು ಒಳಗಣ ಪ್ರವಾಹಕ್ಕಿಂತ ಎಷ್ಟು ಹೆಚ್ಚೆಂಬ ಅಂತರವೆಂಬುದು ಸ್ಪಷ್ಟವಾಯಿತು. ಗಾಳಿಯನ್ನು ನಿಧಾನವಾಗಿ ತುಂಬಿ, ಬಿರುಸಾಗಿ ಎಳೆದರೆ ಲೋಳೆಯು ಗಂಟಲಿನ ಕಡೆಗೆ ಸರಿಯಿತು. ಕೆಲವು ಯಂತ್ರಗಳಲ್ಲಿ ಒಳಗಾಳಿಯ ವೇಗವನ್ನು ತಗ್ಗಿಸುವ ಗುಂಡಿಯೊಂದಿದ್ದು, ಬಳಸುವವರು ಅದನ್ನು ಗಮನಿಸದೆ ಬಿಡುವುದುಂಟು. ಮೇಜಿನ ಮೇಲಿನ ಬಣ್ಣದ ಲೋಳೆಯು ಆ ಗುಂಡಿಯ ಬೆಲೆಯನ್ನು ತಿಳಿಸಿತು. ಪರೀಕ್ಷೆಯೆಂದರೆ ಯಂತ್ರವನ್ನು ಮೆಚ್ಚುವುದಕ್ಕೋ ತೆಗಳುವುದಕ್ಕೋ ಇರುವ ವ್ಯವಹಾರವೆಂದು ತಿಳಿದವರಿಗೆ ನಾನು ಈ ಪ್ರಯೋಗವನ್ನು ಮುಂದಿಡುತ್ತೇನೆ. ಅದು ಶುಶ್ರೂಷೆಯ ಕ್ರಮವನ್ನೇ ತಿದ್ದಿತು.

ಹೀಗಿದ್ದರೂ ಮೇಜಿನ ಪರೀಕ್ಷೆಗೆ ಎಲ್ಲೆಯುಂಟು, ಅದನ್ನು ಹೇಳದಿದ್ದರೆ ಅಪಚಾರವಾದೀತು. ತಿದಿಗೆ ಗಂಟಲಿಲ್ಲ. ಜೀವಂತ ಕಂಠದ್ವಾರವು ಗಾಳಿಯ ರಭಸಕ್ಕೆ ಬೆದರಿ ಮುಚ್ಚಿಕೊಳ್ಳಬಲ್ಲುದು. ನಾರ್ವೆ ದೇಶದ ಬೆರ್ಗೆನ್ ನಗರದಲ್ಲಿ ಟೀನಾ ಆಂಡರ್ಸನ್ ಮತ್ತು ಸಂಗಡಿಗರು ಚಲನನರಗಳ ಕ್ಷಯವುಳ್ಳ ರೋಗಿಗಳ ಗಂಟಲೊಳಗೆ ದರ್ಶಕವನ್ನಿಳಿಸಿ ಇದನ್ನು ಪ್ರತ್ಯಕ್ಷವಾಗಿ ಕಂಡು 2017ರಲ್ಲಿ ವರದಿ ಮಾಡಿದರು. ಅಂಥವರಿಗೆ ಒತ್ತಡವನ್ನು ಏರಿಸುವುದು ಉಪಕಾರಕ್ಕೆ ಬದಲು ಅಪಕಾರವಾಗಬಹುದು. ಶ್ವಾಸಕೋಶದಲ್ಲಿ ಗಾಳಿಗುಳ್ಳೆಗಳೆದ್ದವರಿಗೆ, ಎದೆಗೂಡಿನಲ್ಲಿ ಗಾಳಿ ಸೋರಿದವರಿಗೆ ಈ ಯಂತ್ರವನ್ನು ಹಾಕತಕ್ಕುದಲ್ಲ. ಬೀಡಿಯಿಂದಲೋ ಒಲೆಯ ಹೊಗೆಯಿಂದಲೋ ಕ್ಷಯದಿಂದಲೋ ಕೆಮ್ಮುವವರ ಚಿಕಿತ್ಸೆಯೇ ಬೇರೆ.

ಈಗ ನಮ್ಮ ಊರುಗಳ ವಿಷಯ. ಬಾಸ್ಟನ್ನಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಪರೀಕ್ಷಿಸಿದ ಯಂತ್ರವು ಸಮುದ್ರಮಟ್ಟದ ಗಾಳಿಯಲ್ಲಿ ಪರೀಕ್ಷಿತವಾದುದು. ಮಧುಗಿರಿಯ ಪೇಟೆಯು ಸಮುದ್ರಮಟ್ಟದಿಂದ ಏಳುನೂರು ಎಂಟುನೂರು ಮೀಟರುಗಳ ನಡುವಿನ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆಯು ಅಲ್ಲಿಗಿಂತ ನೂರಕ್ಕೆ ಏಳೆಂಟು ಪಾಲು ಕಡಿಮೆ. ಅದೇ ವೇಗದಲ್ಲಿ ತಿರುಗುವ ಪಂಖವು ಇಲ್ಲಿ ಅಷ್ಟೇ ಪಾಲು ಕಡಿಮೆ ಒತ್ತಡವನ್ನು ಕೊಡುತ್ತದೆ. ಯಂತ್ರವು ಇದನ್ನು ತಾನೇ ಅರಿತು ಸರಿಪಡಿಸಿಕೊಳ್ಳುತ್ತದೆಯೆ ಎಂಬುದನ್ನು ಅಳೆದು ನೋಡಿಯೇ ತಿಳಿಯಬೇಕು. ಪಾವಗಡದ ಬೇಸಗೆಯ ಧೂಳಿನಲ್ಲಿ ಶೋಧಕವು ಎಷ್ಟು ದಿನಕ್ಕೆ ಕಟ್ಟಿಕೊಳ್ಳುತ್ತದೆ, ವಿದ್ಯುತ್ತಿನ ಏರಿಳಿತದಲ್ಲಿ ಹೊರಳಿಕೆಯ ಕಾಲವು ಕೆಡುತ್ತದೆಯೆ, ಕರೆಂಟು ಹೋದರೆ ಬ್ಯಾಟರಿಯು ಎಷ್ಟು ಕೆಮ್ಮುಗಳನ್ನು ಕೊಡುತ್ತದೆ ಎಂಬ ಪ್ರಶ್ನೆಗಳೂ ಇವೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಮುತ್ತ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ನಿಲ್ಲಿಸಿ ನಾಡಿಗೆ ಬೆಳಕು ಕೊಡುತ್ತಿರುವ ಸೀಮೆಯಲ್ಲಿ, ರೋಗಿಯ ಮನೆಯೊಂದರ ಯಂತ್ರಕ್ಕೆ ಅಡೆತಡೆಯಿಲ್ಲದ ವಿದ್ಯುತ್ತು ದೊರೆಯಬೇಕೆಂದು ಕೇಳುವುದು ಅತ್ಯಾಶೆಯಲ್ಲ.

ಇದೆಲ್ಲ ನಮ್ಮಿಂದ ಆಗುವುದೆ ಎಂದು ಕೇಳುವವರಿಗೆ 2020ನೆಯ ವರ್ಷವನ್ನು ನೆನಪಿಸುತ್ತೇನೆ. ಕೊರೋನಾ ಪಿಡುಗಿನ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು, ವಿಮಾನಗಳ ವಿದ್ಯೆಯಲ್ಲಿ ನುರಿತ ತನ್ನ ವಿಜ್ಞಾನಿಗಳಿಂದ, "ಸ್ವಸ್ಥವಾಯು" ಎಂಬ ಉಸಿರಾಟದ ಯಂತ್ರವನ್ನು 36 ದಿನಗಳಲ್ಲಿ ನಿರ್ಮಿಸಿ, ವಿದ್ಯುತ್ ಸುರಕ್ಷತೆಯಿಂದ ಹಿಡಿದು ಕಾರ್ಯಸಾಮರ್ಥ್ಯದವರೆಗೆ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಪರೀಕ್ಷೆಗೊಳಪಡಿಸಿತು. ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವೆಂಟಿಲೇಟರನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಾವಿರಗಟ್ಟಲೆ ತಯಾರಿಸಿತು. ಉಸಿರನ್ನು ಅಳೆಯುವ ಮಾಪಕಗಳೂ, ಅಳೆಯಬಲ್ಲ ಕೈಗಳೂ ನಮ್ಮ ನಾಡಿನಲ್ಲಿವೆ. ವೈದ್ಯಕೀಯ ಸಾಧನಗಳ 2017ರ ನಿಯಮಗಳು ಸಾಧನಗಳ ಪರೀಕ್ಷೆಗೆ ಪ್ರಯೋಗಶಾಲೆಗಳನ್ನು ನೋಂದಾಯಿಸುವ ದಾರಿಯನ್ನೂ ತೆರೆದಿವೆ. ಆದರೆ ಕಾರ್ಖಾನೆಯಲ್ಲಿ ಒಮ್ಮೆ ಪರೀಕ್ಷೆಯಾದ ಯಂತ್ರವು ಆಸ್ಪತ್ರೆಯಲ್ಲಿ ಐದು ವರ್ಷ ದುಡಿದಮೇಲೆ ಅದೇ ಯಂತ್ರವಾಗಿ ಉಳಿದಿರುವುದಿಲ್ಲವೆಂಬುದನ್ನು ನಾವು ಮರೆಯುತ್ತೇವೆ.

ತುಮಕೂರಿನಲ್ಲಿ 1963ರಿಂದ ನಡೆದುಬಂದಿರುವ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿದೆ, ಸಿದ್ಧಾರ್ಥ ಸಂಸ್ಥೆಯ ತಾಂತ್ರಿಕ ಮತ್ತು ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾ ಆಸ್ಪತ್ರೆಯಿದೆ. ಅಲ್ಲಿನ ಯಂತ್ರಶಾಸ್ತ್ರದ ವಿದ್ಯಾರ್ಥಿಗಳು ಸುರುಳಿ ಬಿಲ್ಲೆಗಳ ಕೃತಕ ಶ್ವಾಸಕೋಶವೊಂದನ್ನು ಕಟ್ಟುವುದು ಅವರ ಶಕ್ತಿಗೆ ಮೀರಿದ ಕಾರ್ಯವಲ್ಲ. ಅದನ್ನು ವ್ಯಾನೊಂದರಲ್ಲಿಟ್ಟುಕೊಂಡು ವರ್ಷಕ್ಕೊಮ್ಮೆ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು, ಅಲ್ಲಿರುವ ಉಸಿರಾಟದ ಯಂತ್ರಗಳನ್ನೂ ಹೀರುಯಂತ್ರಗಳನ್ನೂ, ಕೆಮ್ಮಿಸುವ ಯಂತ್ರವು ಬಂದ ದಿನ ಅದನ್ನೂ, ಅಳೆದು ಚೀಟಿ ಅಂಟಿಸಿ ಹೋಗಲಿ ಎಂದು ಆ ಸಂಸ್ಥೆಗಳ ಹಿರಿಯರನ್ನು ನಾನು ಈ ಮೂಲಕ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಜಿಲ್ಲಾಕೇಂದ್ರದಿಂದ ಪಾವಗಡಕ್ಕೆ ಸುಮಾರು ನೂರು ಕಿಲೋಮೀಟರು. ಯಂತ್ರವನ್ನು ಪರೀಕ್ಷೆಗಾಗಿ ತುಮಕೂರಿಗೆ ಒಯ್ದರೆ ರೋಗಿಯು ಅಷ್ಟು ದಿನ ಅದಿಲ್ಲದೆ ಇರಬೇಕಾಗುತ್ತದೆ. ಪರೀಕ್ಷೆಯೇ ಯಂತ್ರದ ಬಳಿಗೆ ಬರುವುದು ಲೇಸು.

ಯಂತ್ರದ ಬೆಲೆ ಕೆಲವು ಲಕ್ಷ ರೂಪಾಯಿಗಳು. ಅದು ಬರುವ ತನಕ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಕೈಯಿಂದ ಹಿಸುಕಿ ಗಾಳಿಯೂಡುವ ಅಂಬು ಬ್ಯಾಗ್ ಎಂಬ ಚೀಲದಿಂದ ಎರಡು ಮೂರು ಸಲ ಗಾಳಿಯನ್ನು ಒಂದರ ಮೇಲೊಂದು ಎದೆಗೆ ತುಂಬಿಸಿ, ರೋಗಿಯು ಕೆಮ್ಮಲೆತ್ನಿಸುವ ಕ್ಷಣಕ್ಕೆ ಸರಿಯಾಗಿ ಪಕ್ಕೆಲುಬುಗಳ ಕೆಳಗೆ ಹೊಟ್ಟೆಯನ್ನು ಅಂಗೈಗಳಿಂದ ಮೇಲ್ಮುಖವಾಗಿ ಒತ್ತುವ ವಿಧಾನವೊಂದುಂಟು. ಊಟವಾದೊಡನೆ ಮಾಡಬಾರದು, ಪಕ್ಕೆಲುಬು ಮುರಿದವರಿಗೆ ಮಾಡಬಾರದು, ಬಲ್ಲ ಫಿಸಿಯೊಥೆರಪಿಸ್ಟರಿಂದ ಕಲಿಯದೆ ಯಾರಿಗೂ ಮಾಡಬಾರದು. ಕಲಿತರೆ ಮನೆಯವರೇ ದಿನಕ್ಕೆ ಎಷ್ಟು ಸಲ ಬೇಕಾದರೂ ಮಾಡಬಲ್ಲರು. ಕೆಮ್ಮಿನ ಬಲವನ್ನು ಅಳೆಯುವುದಕ್ಕೂ ದೊಡ್ಡ ಯಂತ್ರ ಬೇಡ. ಉಬ್ಬಸದವರು ಊದುವ ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ಕಿನ ನಳಿಕೆಗೆ ಮಾಸ್ಕನ್ನು ಸಿಕ್ಕಿಸಿ ಅದರೊಳಕ್ಕೆ ಕೆಮ್ಮಿಸಿದರೆ ಮುಳ್ಳು ಅಂಕಿಯನ್ನು ತೋರಿಸುತ್ತದೆ. ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಸ್ನಾಯುಗಳು ಸೋತ ಯುವಕರೋ ವಯಸ್ಕರೋ ಇದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಇವರ ಕೆಮ್ಮನ್ನು ಅಳೆಯಿರೆಂದು ವೈದ್ಯರನ್ನು ಕೇಳಿರಿ. ಅಂಕಿಯು 270ಕ್ಕಿಂತ ಕೆಳಗಿದ್ದರೆ, ಕೈಯಿಂದ ಕೆಮ್ಮಿಸುವ ಆ ವಿಧಾನವನ್ನು ನಮಗೆ ಕಲಿಸಿರೆಂದು ಅಂದೇ, ಅಲ್ಲಿಯೇ ಕೇಳಿರಿ.